ಕರೆಂಟಕ್ಕನ ಗಿಡ್ಡ ತಂತಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಉದ್ದನೆಯ ಕಟ್ಟಡದ ಹಿಂಬಾಗಿಲಲ್ಲಿ ಕಾವಲುಗಾರ ಕುಳಿತಲ್ಲೇ ತೂಕಡಿಸುತ್ತಿದ್ದಾನೆ. ಐವತ್ತು ದಾಟಿದ ಹೆಂಗಸೊಬ್ಬರು ಹೆಗಲ ಚೀಲವನ್ನು ಅವನ ಮೇಜಿನ ಮೇಲಿಟ್ಟು, ಒಳಗಿನ ಊಟದ ಡಬ್ಬಿ ತೆಗೆದು ತೋರಿಸಿ, ಮತ್ತೆ ಒಳಗಿಡುತ್ತಾರೆ. ಅವನು ಅರೆಗಣ್ಣಲ್ಲೇ ನೋಡಿ ತಲೆಯಾಡಿಸುತ್ತಾನೆ.

"ಇವತ್ತೇನಾ ಅಕ್ಕ?"

"ಇವತ್ತೇ ಕಣಪ್ಪ."

"ಹೋಗಿ ಬನ್ನಿ, ಒಳ್ಳೇದಾಗುತ್ತೆ."

ಒಳಬಾಗಿಲ ಬಳಿ ಅವರು ಚಪ್ಪಲಿ ಬಿಡುತ್ತಾರೆ. ಬಿಳಿ ನಿಲುವಂಗಿ ತೊಟ್ಟು, ಕೂದಲೊಂದೂ ಹೊರಗೆ ಕಾಣದಂತೆ ಟೋಪಿ ಎಳೆದುಕೊಂಡು, ಮೂಗು ಬಾಯಿಗೆ ಮುಸುಕು ಕಟ್ಟಿ, ಕಾಲಿಗೆ ಬಟ್ಟೆಯ ಬೂಟು ಹಾಕುತ್ತಾರೆ. ಹೊಸ್ತಿಲಾಚೆಯ ಅಂಟು ಚಾಪೆಯ ಮೇಲೆ ಎರಡೂ ಕಾಲನ್ನು ಒತ್ತಿ ಊರಿ ಧೂಳು ಬಿಡಿಸಿಕೊಳ್ಳುತ್ತಾರೆ. ಆಮೇಲೆ ಬಲ ಮಣಿಕಟ್ಟಿಗೆ ಒಂದು ಪಟ್ಟಿ ಬಿಗಿದು, ಅದರ ಸುರುಳಿ ತಂತಿಯ ತುದಿಯನ್ನು ಮೇಜಿನ ಅಂಚಿಗೆ ಸಿಕ್ಕಿಸುತ್ತಾರೆ. ಬಟ್ಟೆಯ ಉಜ್ಜಾಟಕ್ಕೆ ನಮ್ಮ ಮೈಯಲ್ಲಿ ಹುಟ್ಟುವ ಚಿಟಿಕೆಯಷ್ಟು ವಿದ್ಯುತ್ತೂ ಈ ಕೋಣೆಯ ಸಣ್ಣ ಬಿಡಿಭಾಗಗಳನ್ನು ಸುಟ್ಟುಬಿಡಬಲ್ಲದು. ಆ ಪಟ್ಟಿ ಅದನ್ನು ಸದ್ದಿಲ್ಲದೆ ನೆಲಕ್ಕಿಳಿಸುತ್ತದೆ. "ದನ ಕಟ್ಟಿದ ಹಾಗೆ ನನ್ನನ್ನ ಇಲ್ಲಿ ಕಟ್ಟಿ ಹಾಕ್ತಾರೆ" ಎನ್ನುತ್ತಾರೆ ಅವರು. "ಹಗ್ಗ ಎಷ್ಟು ದೂರ ಬಿಡುತ್ತೋ ಅಷ್ಟೇ ದೂರ ಮೇಯೋದು."

ಕೋಣೆಯ ನಡುವೆ ಚಕ್ರದ ಗಾಡಿಯ ಮೇಲೆ ಒಂದು ಉಪಗ್ರಹ ನಿಂತಿದೆ. ದೊಡ್ಡ ಟ್ರಂಕಿನಷ್ಟು ಗಾತ್ರ, ಅಷ್ಟೆ. ಮೋಡಗಳ ಮತ್ತು ಕೆರೆಗಳ ಚಿತ್ರ ತೆಗೆದು ಕೆಳಗೆ ಕಳಿಸುವುದು ಅದರ ಕೆಲಸ. ಒಂದು ಮಗ್ಗುಲಿನ ಹಲಗೆಯನ್ನು ಇನ್ನೂ ಮುಚ್ಚಿಲ್ಲ. ತೆರೆದ ಆ ಮಗ್ಗುಲಲ್ಲಿ, ಬ್ಯಾಟರಿಯ ಪಕ್ಕಕ್ಕೆ ಅಂಟಿಕೊಂಡಂತೆ, ಅವರ ಚೀಲದಲ್ಲಿರುವ ಊಟದ ಡಬ್ಬಿಯಷ್ಟೇ ಇರುವ ಲೋಹದ ಪೆಟ್ಟಿಗೆಯೊಂದಿದೆ. ಅದನ್ನೂ ಇಲ್ಲಿ ಎಲ್ಲರೂ ಡಬ್ಬಿ ಎಂದೇ ಕರೆಯುತ್ತಾರೆ. ಅದನ್ನು ರೂಪಿಸಿ, ಕಟ್ಟಿ, ಪಳಗಿಸಿದವರು ಈ ಹೆಂಗಸು. ಇವರನ್ನು ಎಲ್ಲರೂ ಕರೆಂಟಕ್ಕ ಎನ್ನುತ್ತಾರೆ.

ಮೇಲೆ ಹೋದ ಮೇಲೆ ಉಪಗ್ರಹಕ್ಕೆ ಹಗಲು ರಾತ್ರಿಗಳು ಬೇಗ ಬೇಗ ಬರುತ್ತವೆ. ನಮಗೆ ಒಂದು ದಿನ ಕಳೆಯುವುದರೊಳಗೆ ಅದು ಹದಿನೈದು ಸಲ ಭೂಮಿಯ ನೆರಳಿಗೆ ಹೊಕ್ಕು ಹೊರಬರುತ್ತದೆ. ಬಿಸಿಲಿದ್ದಾಗ ಸೌರಫಲಕದಿಂದ ವಿದ್ಯುತ್ತು, ನೆರಳಿದ್ದಾಗ ಬ್ಯಾಟರಿಯಿಂದ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಕ್ಯಾಮೆರಾಕ್ಕಾಗಲಿ ರೇಡಿಯೊಗಾಗಲಿ ಸುಳಿವೂ ಸಿಗಬಾರದು. ಎಷ್ಟು ಬಂದರೂ, ಎಲ್ಲಿಂದ ಬಂದರೂ, ಕೊಡುವುದು ಮಾತ್ರ ಒಂದೇ ಸಮ ಇರಬೇಕು. ಅದನ್ನು ನೋಡಿಕೊಳ್ಳುವುದು ಆ ಡಬ್ಬಿ.

ಇವತ್ತು ಆ ಡಬ್ಬಿಯ ಕೊನೆಯ ಪರೀಕ್ಷೆ. ಬ್ಯಾಟರಿ ಸೊರಗಿದ ಹೊತ್ತಿನಲ್ಲಿ ಕ್ಯಾಮೆರಾ, ರೇಡಿಯೊ ಎರಡನ್ನೂ ಒಟ್ಟಿಗೆ ಹಚ್ಚುತ್ತಾರೆ. ಆಗ ಪರದೆಯ ಮೇಲಿನ ಹಸಿರು ಗೆರೆ ಒಮ್ಮೆ ಅಲುಗಿ ನೆಟ್ಟಗಾದರೆ ಡಬ್ಬಿ ನಿಂತಿತು ಎಂದು ಲೆಕ್ಕ. ನಿಂತರೆ ಹಲಗೆ ಮುಚ್ಚುತ್ತಾರೆ. ನಿಲ್ಲದಿದ್ದರೆ ಇದನ್ನು ಕಳಚಿ, ಹೊರಗಿನಿಂದ ಕೊಂಡು ತಂದ ಇನ್ನೊಂದನ್ನು ಕೂರಿಸುತ್ತಾರೆ. ಅದು ಕಪಾಟಿನಲ್ಲಿ ಸಿದ್ಧವಾಗಿ ಕುಳಿತಿದೆ. ಆದರೆ ಅದರ ಶಕ್ತಿ ಕಡಿಮೆ. ಅದನ್ನು ನಂಬಿಕೊಂಡರೆ ಕ್ಯಾಮೆರಾ ನಡೆಯುವಾಗ ರೇಡಿಯೊ ಬಾಯಿ ಮುಚ್ಚಿಕೊಂಡಿರಬೇಕು. ಕರೆಂಟಕ್ಕನಿಗೆ ಇದು ನಾಲ್ಕು ವರ್ಷದ ಕೆಲಸ. ಮುಂದಿನ ವರ್ಷ ನಿವೃತ್ತಿಯಾದ್ದರಿಂದ ಕೊನೆಯ ಕೆಲಸವೂ ಹೌದು.

ಇಷ್ಟು ಬೇಗ ಬರುವುದಕ್ಕೆ ಕಾರಣವಿದೆ. ಪಕ್ಕದ ಕೋಣೆಯಲ್ಲಿ ಯಂತ್ರಗಳನ್ನು ಅಲುಗಿಸಿ ನೋಡುವ ಒಂದು ದೊಡ್ಡ ಮೇಜಿದೆ. ಅದು ಶುರುವಾದರೆ ಕಿವಿಗೆ ಬೇರೇನೂ ಬೀಳುವುದಿಲ್ಲ. ಈ ಪರೀಕ್ಷೆಗೆ ಕಣ್ಣು ಮಾತ್ರವಲ್ಲ, ಕಿವಿಯೂ ಬೇಕು.

*

ಬೀದಿಯಲ್ಲಿ ಕರೆಂಟು ಹೋದರೆ ಮೊದಲು ಬಡಿಯುವುದು ಇವರ ಮನೆಯ ಬಾಗಿಲು. ಎರಡನೇ ಮಹಡಿಯ ಮೂರು ಕೋಣೆಯ ಮನೆ. ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆ, ಮೂಲೆಯಲ್ಲಿ ಹಳೆಯ ಸೈಕಲ್ಲು. ಪಕ್ಕದ ಮನೆಯವರು, ಕೆಳಗಿನ ಅಂಗಡಿಯವರು, ಯಾರು ಬಂದರೂ ಒಂದೇ ಪ್ರಶ್ನೆ: "ಅಕ್ಕ, ಯಾವಾಗ ಬರುತ್ತಂತೆ?" ತಾನು ಆ ಇಲಾಖೆಯಲ್ಲಿಲ್ಲ ಎಂದು ಮೊದಲ ಕೆಲವು ವರ್ಷ ಹೇಳಿ ನೋಡಿದರು. ಈಗ "ಇನ್ನರ್ಧ ಗಂಟೆ" ಎಂದುಬಿಡುತ್ತಾರೆ. ಬಂದರೆ ಹೆಸರು ಇವರಿಗೆ. ಬಾರದಿದ್ದರೆ ಬಯ್ಗುಳ ಇಲಾಖೆಗೆ.

ಗಂಡ ಬೇಕರಿಯಲ್ಲಿ ಒಲೆ ನೋಡಿಕೊಳ್ಳುತ್ತಾರೆ. ಹೆಂಡತಿ ಏಳುವುದಕ್ಕೆ ಮುಂಚೆಯೇ ಎದ್ದು ಹೋಗಿರುತ್ತಾರೆ. "ನಾವಿಬ್ಬರೂ ಡಬ್ಬಿಯೊಳಗಿನ ಬಿಸಿ ಕಾಯೋರೇ" ಎಂದು ನಗುತ್ತಾರೆ ಅವರು. "ನಂದು ಕೆಟ್ರೆ ಬ್ರೆಡ್ಡು ಕರಕಲಾಗುತ್ತೆ, ಇನ್ನೊಂದು ಹಾಕ್ತೀನಿ. ಅವಳದು ಕೆಟ್ರೆ ಹತ್ತಿ ಹೋಗಿ ರಿಪೇರಿ ಮಾಡೋಕೆ ಏಣಿ ಇಲ್ಲ."

ಮನೆಯ ಮೂರನೆಯವರು ಕರೆಂಟಕ್ಕನ ಅಪ್ಪ. ಎಂಬತ್ತರ ಮೇಲಾಗಿದೆ. ಕಿವಿ ಚುರುಕು, ಮಂಡಿ ಹಿಡಿದುಕೊಂಡಿದೆ. ಊರಿನಲ್ಲಿದ್ದಾಗ ಅವರು ನೀರುಗಂಟಿ. ಕೆರೆಯ ತೂಬು ಎತ್ತಿ, ಕಾಲುವೆಗೆ ನೀರು ಬಿಟ್ಟು, ಸರದಿಯ ಮೇಲೆ ಗದ್ದೆಗದ್ದೆಗೆ ಹಂಚುವ ಕೆಲಸ. ಮಗಳು ಚಿಕ್ಕಂದಿನಲ್ಲಿ ಅವರ ಹಿಂದೆಯೇ ಬದುವಿನ ಮೇಲೆ ನಡೆದವಳು. ವಿದ್ಯುತ್ತಿನ ಪಾಠವನ್ನು ಆಮೇಲೆ ಪುಸ್ತಕದಲ್ಲಿ ಓದಿದರೂ, ಮೊದಲು ಕಣ್ಣಿಗೆ ಬಿದ್ದದ್ದು ಅಲ್ಲಿ ಎನ್ನುತ್ತಾರೆ.

"ಅಪ್ಪ ತೂಬಿನ ಚಕ್ರ ಒಂದು ಸುತ್ತು ತಿರುಗಿಸಿ ಸುಮ್ಮನೆ ನಿಂತ್ಕೊಳ್ಳೋರು. ಇನ್ನೂ ಎತ್ತಪ್ಪ ಅಂತ ನಾನು. ತಡಿಯೇ, ನೀರು ಹೋಗಿ ಮುಟ್ಟಲಿ ಅನ್ನೋರು. ಕೊನೆ ಗದ್ದೆಗೆ ನೀರು ಮುಟ್ಟೋಕೆ ಹೊತ್ತು ಬೇಕಲ್ಲ. ಅಷ್ಟರೊಳಗೆ ಸಾಲಲಿಲ್ಲ ಅಂತ ಇನ್ನೊಂದು ಸುತ್ತು ತಿರುಗಿಸಿದ್ರೆ ಆಮೇಲೆ ಎರಡೂ ಸೇರಿ ಬಂದು ಬದು ಕಿತ್ಕೊಂಡು ಹೋಗುತ್ತೆ. ಹೆದರಿ ಪೂರ್ತಿ ಇಳಿಸಿದ್ರೆ ಗದ್ದೆ ಒಣಗುತ್ತೆ. ನನ್ನ ಡಬ್ಬೀನೂ ಅಷ್ಟೇ. ಒಂದು ಸೆಕೆಂಡಿಗೆ ಸಾವಿರಾರು ಸಲ ತೂಬು ಎತ್ತಿ ಇಳಿಸುತ್ತೆ. ಅದಕ್ಕೆ ಅವಸರಾನೂ ಕಲಿಸಬಾರದು, ಸೋಮಾರಿತನಾನೂ ಕಲಿಸಬಾರದು."

ಊರು ಬಿಟ್ಟ ಮೇಲೆ ಕರೆಂಟಕ್ಕ ಮೊದಲು ದುಡಿದದ್ದು ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿಯಲ್ಲಿ. ಡಿಪ್ಲೊಮಾ ಮುಗಿದಿತ್ತು. ಅಂಗಡಿಯ ಮಾಲೀಕ ಹೆಣ್ಣುಮಗಳೆಂದು ಮೊದಲ ವಾರ ಬರೀ ಕಸ ಗುಡಿಸಲು ಬಿಟ್ಟ. ಎರಡನೇ ವಾರ ಕೈಗೆ ತಂತಿ ಕೊಟ್ಟ. ಸುತ್ತು ತಪ್ಪದ ಕೈ ನೋಡಿದ ಮೇಲೆ ಪೊರಕೆಯನ್ನು ಬೇರೆಯವರಿಗೆ ವಹಿಸಿದ. ಅಲ್ಲಿಂದ ಈ ಕಟ್ಟಡಕ್ಕೆ ಸಹಾಯಕಿಯಾಗಿ ಬಂದರು. ಸಂಜೆ ಕಾಲೇಜಿಗೆ ಹೋಗಿ ಎಂಜಿನಿಯರಿಂಗ್ ಓದಿದರು. ಬಸ್ಸಿನಲ್ಲಿ ಓದುತ್ತ ಎಷ್ಟು ಸಲ ಇಳಿಯುವ ಸ್ಟಾಪು ದಾಟಿಹೋಗಿದ್ದಾರೆಂದರೆ, ಕೊನೆಗೆ ಕಂಡಕ್ಟರೇ "ಎಂಜಿನಿಯರ್ ಮೇಡಂ, ಇಳ್ಕೊಳ್ಳಿ" ಎಂದು ಕೂಗುವುದನ್ನು ರೂಢಿಸಿಕೊಂಡನಂತೆ. ಪದವಿ ಬರುವುದಕ್ಕೆ ಮುಂಚೆಯೇ ಆ ಹೆಸರು ಬಂದಿತ್ತು.

ಮಸೂರದ ಕೆಳಗೆ ಬಗ್ಗಿ ಅಕ್ಕಿನುಚ್ಚಿನಷ್ಟು ಸಣ್ಣ ತುಣುಕುಗಳನ್ನು ಬೆಸೆಯುವ ಕೆಲಸವನ್ನು ಮೂವತ್ತು ವರ್ಷ ಮಾಡಿದವರಿಗೆ ಬೆನ್ನು ನೆಟ್ಟಗೆ ಉಳಿಯುವುದಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಮನೆಯಲ್ಲಿ ಬಗ್ಗಿದವರು ಮೇಲೇಳಲಾಗಲಿಲ್ಲ. ಗಂಡನೂ ಪಕ್ಕದ ಮನೆಯವರೂ ಸೇರಿ ಕುರ್ಚಿಯ ಸಮೇತ ಕೆಳಗಿಳಿಸಿದರು. ವೈದ್ಯರು ಬಗ್ಗಬೇಡಿ ಎಂದರು. ಈ ಬೆನ್ನಿನಿಂದಲೇ ಮುಂದಿನದ್ದೆಲ್ಲ ಆಯಿತು.

*

ಡಬ್ಬಿ ಕೆಟ್ಟಿದೆ ಎಂದು ಮೊದಲು ಹೇಳಿದವರು ಸ್ಕ್ರೂ ಮಾಮ. ಉಪಗ್ರಹದ ಭಾಗಗಳನ್ನು ಜೋಡಿಸಿ ಬಿಗಿಯುವ ಫಿಟ್ಟರ್ ಅವರು. ಪ್ರತಿ ಸ್ಕ್ರೂವನ್ನೂ ಇಷ್ಟೇ ಬಲ ಹಾಕಿ ಬಿಗಿಯಬೇಕೆಂಬ ನಿಯಮವಿದೆ; ಅಳತೆಯ ಪಾನಾ ಹಿಡಿದು, ಅದು 'ಟಕ್' ಅನ್ನುವವರೆಗೆ ಉಸಿರು ಬಿಗಿಹಿಡಿದು ತಿರುಗಿಸುತ್ತಾರೆ. ಅವರು ಇವರನ್ನು ಅಕ್ಕ ಎನ್ನುತ್ತಾರೆ, ಇವರು ಅವರನ್ನು ಮಾಮ ಎನ್ನುತ್ತಾರೆ. ಯಾರು ದೊಡ್ಡವರೆಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಕೆಲವು ವಾರಗಳ ಹಿಂದೆ ಉಪಗ್ರಹದೊಳಗೆ ತಲೆ ತೂರಿಸಿ ಕೆಲಸ ಮಾಡುತ್ತಿದ್ದವರು ಹಾಗೇ ನಿಂತರು.

"ಅಕ್ಕ, ನಿಮ್ಮ ಡಬ್ಬಿ ಹಾಡ್ತಿದೆ."

"ಏನಂತ?"

"ಸೊಳ್ಳೆ ರಾಗ."

ಕರೆಂಟಕ್ಕ ಬಂದು ಕಿವಿಯಿಟ್ಟರು. ನಿಜ. ಡಬ್ಬಿಯೊಳಗಿನ ತಂತಿ ಸುರುಳಿ ಸಣ್ಣಗೆ ಕೊಯ್ಯೆನ್ನುತ್ತಿತ್ತು. ಪರದೆಯ ಮೇಲೆ ಗೆರೆ ನೆಟ್ಟಗಿರುವ ಬದಲು ಹಲ್ಲುಹಲ್ಲಾಗಿ ಕುಣಿಯುತ್ತಿತ್ತು. ನೆಲದ ಮೇಲೆ ಇದು ಸೊಳ್ಳೆಯ ರಾಗ. ಮೇಲೆ ಹೋದ ಮೇಲೆ ಹೀಗೇ ಕುಣಿದರೆ ರೇಡಿಯೊ ತೊದಲುತ್ತದೆ, ಡಬ್ಬಿ ಒಳಗೊಳಗೇ ಕಾದು ಒಂದು ದಿನ ಕೈಕೊಡುತ್ತದೆ. ಅಲ್ಲಿಗೆ ಉಪಗ್ರಹದ ಕಥೆ ಮುಗಿಯುತ್ತದೆ.

ಡಬ್ಬಿಯನ್ನು ಬಿಚ್ಚಿ ತಮ್ಮ ಕೋಣೆಯ ಮೇಜಿಗೆ ತಂದು ನೋಡಿದರು. ತೆಪ್ಪಗಿತ್ತು. ಬ್ಯಾಟರಿಯನ್ನು ಸೊರಗಿಸಿದರು, ಭಾರ ಹೇರಿದರು, ಇಳಿಸಿದರು. ಗೆರೆ ಒಮ್ಮೆ ಅಲುಗಿ ನಿಂತಿತು. ಮತ್ತೆ ಉಪಗ್ರಹದೊಳಗೆ ಕೂರಿಸಿದರೆ ಮತ್ತೆ ಹಾಡು. ಬ್ಯಾಟರಿಯವರು ರೇಡಿಯೊದವರ ಕಡೆ ನೋಡಿದರು, ರೇಡಿಯೊದವರು ಕರೆಂಟಕ್ಕನ ಕಡೆ ನೋಡಿದರು. "ಮೇಜಿನ ಮೇಲೆ ಸಾಧು, ಮನೆಯೊಳಗೆ ಹೋದ ತಕ್ಷಣ ರಂಪ" ಎಂದರು ಸ್ಕ್ರೂ ಮಾಮ. "ನಮ್ಮ ಅಳಿಯನ ಥರ."

ಮನೆಗೆ ಹೋದರೆ ಅಪ್ಪನದ್ದು ಒಂದೇ ಮಾತು. ಬಾಗಿಲ ಬಳಿಯ ಕುರ್ಚಿಯಿಂದಲೇ ಕೇಳುವರು: "ನಿಂತಿತಾ?" ಇವರು ಚೀಲ ಇಳಿಸುತ್ತ "ಇಲ್ಲಪ್ಪ" ಎನ್ನುವರು. ಅದರಾಚೆಗೆ ಅವರು ಕೆದಕುತ್ತಿರಲಿಲ್ಲ.

ಗುಟ್ಟು ಸಿಕ್ಕಿದ್ದು ಒಂದು ಮಧ್ಯಾಹ್ನ, ಸುಮ್ಮನೆ ನಿಂತು ನೋಡುತ್ತಿದ್ದಾಗ. ಸ್ಕ್ರೂ ಮಾಮ ಬ್ಯಾಟರಿಯಿಂದ ಡಬ್ಬಿಗೆ ಹೋಗುವ ತಂತಿಯನ್ನು ಕೂರಿಸುತ್ತಿದ್ದರು. ದಪ್ಪನೆಯ, ಗೇಣುದ್ದದ ತಂತಿ. ಉಪಗ್ರಹದಲ್ಲಿ ಎಲ್ಲವೂ ಮೈಗೆ ಮೈ ತಾಗಿಸಿಕೊಂಡಿರುವುದರಿಂದ ಅದಕ್ಕಿಂತ ಉದ್ದ ಬೇಕಿಲ್ಲ. ಕರೆಂಟಕ್ಕ ಆ ಗೇಣನ್ನು ನೋಡಿದರು. ತಮ್ಮ ಮೇಜಿನ ತಂತಿ ನೆನಪಾಯಿತು.

ಬೆನ್ನು ಹಿಡಿದುಕೊಂಡ ಮೇಲೆ ಅವರು ಅಲ್ಲೊಂದು ಅನುಕೂಲ ಮಾಡಿಕೊಂಡಿದ್ದರು. ಬ್ಯಾಟರಿ ಗೋಡೆಯ ಪಕ್ಕದಲ್ಲಿ, ಡಬ್ಬಿ ಕುರ್ಚಿಯ ಎದುರಿಗೆ. ಬಗ್ಗದೆ ಕುಳಿತೇ ಕೆಲಸ ಮಾಡಬಹುದು. ನಡುವೆ ಎರಡು ಮಾರು ಉದ್ದದ ತಂತಿ. ತಾವೇ ಹೆಣೆದು, ಗಂಟುಗಂಟಿಗೂ ದಾರ ಕಟ್ಟಿ, ನೋಡಿದವರು ಹೊಗಳುವಷ್ಟು ನೇರ್ಪಾಗಿ ಮಾಡಿದ್ದರು.

ಅವತ್ತೇ ಒಂದು ಗೇಣುದ್ದದ ತಂತಿ ಮಾಡಿ, ಉದ್ದದ್ದನ್ನು ಕಿತ್ತು, ಇದನ್ನು ಸಿಕ್ಕಿಸಿದರು. ಬಗ್ಗಿ ನಿಂತು ಸ್ವಿಚ್ಚು ಒತ್ತಿದರು. ಮೇಜಿನ ಮೇಲೆಯೇ ಡಬ್ಬಿ ಹಾಡಿತು.

"ಮೊದಲು ಖುಷಿಯಾಯ್ತು" ಎನ್ನುತ್ತಾರೆ. "ಕಳ್ಳ ಸಿಕ್ಕಿದನಲ್ಲ ಅಂತ. ಆಮೇಲೆ ಕಳ್ಳನ್ನ ಒಳಗೆ ಬಿಟ್ಕೊಂಡಿದ್ದು ಯಾರು ಅಂತ ಹೊಳೀತು. ಕೂತ್ಬಿಟ್ಟೆ."

ಯೋಜನೆಯ ಮುಖ್ಯಸ್ಥರ ಕೋಣೆ ಅದೇ ಓಣಿಯ ಕೊನೆಯಲ್ಲಿದೆ. ಬಾಗಿಲು ಸರಿಸಿ ಒಳಗೆ ಹೋದವರು ಕುಳಿತುಕೊಳ್ಳಲಿಲ್ಲ.

"ಸಾರ್, ಡಬ್ಬಿ ಮಾತ್ರ ಅಲ್ಲ, ನನ್ನ ಪರೀಕ್ಷೇನೇ ತಪ್ಪು."

"ಅಂದ್ರೆ?"

"ಉದ್ದ ತಂತಿ ಹಾಕ್ಕೊಂಡಿದ್ದೆ, ಬೆನ್ನಿಗೋಸ್ಕರ. ಡಬ್ಬಿ ಕುಣಿದಾಗೆಲ್ಲ ಆ ತಂತಿ ತಾನೇ ತಡ್ಕೊಂಡು ಅದಕ್ಕೆ ಒಳ್ಳೆ ಹೆಸರು ತರ್ತಿತ್ತು. ಉಪಗ್ರಹದಲ್ಲಿ ತಡಿಯೋರು ಯಾರೂ ಇಲ್ಲ."

ಮುಖ್ಯಸ್ಥರು ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. "ಹಿಂದಿನ ಉಪಗ್ರಹದ ಡಬ್ಬಿ?"

"ಅದು ಗಿಡ್ಡ ತಂತೀಲೇ ಪಾಸಾಗಿದ್ದು. ಆಗ ನನ್ನ ಬೆನ್ನು ಚೆನ್ನಾಗಿತ್ತು."

ಮುಖ್ಯಸ್ಥರಿಗೆ ನಗು ಬಂತು, ತಡೆದುಕೊಂಡರು. "ಬಿಚ್ಚಿ, ಸರಿ ಮಾಡಿ. ಆದ್ರೆ ಹಲಗೆ ಮುಚ್ಚೋ ದಿನ ಮುಂದಕ್ಕೆ ಹೋಗಲ್ಲ ಮೇಡಂ. ರಾಕೆಟ್ ನಮಗೋಸ್ಕರ ಕಾಯಲ್ಲ. ಅವತ್ತು ನಿಲ್ಲಲಿಲ್ಲ ಅಂದ್ರೆ ಕಪಾಟಲ್ಲಿರೋದೇ ಹೋಗುತ್ತೆ."

ಆ ಸಂಜೆ ಅಪ್ಪನಿಗೆ ಅರ್ಥವಾಗುವಂತೆ ಹೇಳಲು ಕರೆಂಟಕ್ಕ ಕಾಲುವೆಗೇ ಹೋದರು. ಕಾಲುವೆಯಲ್ಲಿ ನೀರು ತಗ್ಗಿದರೆ ರೈತರು ಏನು ಮಾಡುತ್ತಾರೆ? ನನ್ನ ಪಾಲು ತಪ್ಪೀತೆಂದು ಗದ್ದೆಗೆ ನೀರು ತಿರುಗಿಸುವ ಮಡೆಯ ಬಾಯಿ ಇನ್ನೂ ಅಗಲ ಮಾಡುತ್ತಾರೆ. ಅದರಿಂದ ನೀರು ಇನ್ನೂ ತಗ್ಗುತ್ತದೆ. ಡಬ್ಬಿಯದ್ದೂ ಅದೇ ಬುದ್ಧಿ. ಬ್ಯಾಟರಿ ಸೊರಗಿದಷ್ಟೂ ಹೆಚ್ಚು ಎಳೆಯುತ್ತದೆ. ಆ ಎಳೆದಾಟಕ್ಕೆ ಅಲೆ ಏಳುತ್ತದೆ. ಕಾಲುವೆ ಉದ್ದವಾಗಿ, ಹುಲ್ಲು ಬೆಳೆದಿದ್ದರೆ ಅಲೆ ಅಲ್ಲೇ ಸಾಯುತ್ತದೆ. ಗಿಡ್ಡವಾಗಿ ನುಣ್ಣಗಿದ್ದರೆ ಗೋಡೆಗೆ ಬಡಿದು ವಾಪಸ್ಸು ಬರುತ್ತಲೇ ಇರುತ್ತದೆ.

ಅಪ್ಪ ಅಷ್ಟನ್ನೂ ಕೇಳಿದರು. "ಕಾಲುವೆಗೆ ಸಿಮೆಂಟು ಬಳಿದಾಗ್ಲೇ ನಾನು ಹೇಳ್ದೆ, ಹುಲ್ಲು ಪೂರ್ತಿ ಕೀಳಬೇಡ್ರೋ ಅಂತ. ಯಾರು ಕೇಳಿದ್ರು?"

"ನಾನು ಈಗ ಕೇಳ್ದೆ ಬಿಡಪ್ಪ. ಒಂದು ಹಿಡಿ ಹುಲ್ಲು ನೆಡ್ತೀನಿ."

"ಡಬ್ಬೀಲಿ ಹುಲ್ಲು ಬೆಳೆಯುತ್ತೇನೇ?"

"ಬೆಳೆಸ್ಬೇಕು."

ಆ ಹುಲ್ಲು ಎಂದರೆ ಡಬ್ಬಿಯ ಬಾಯಲ್ಲಿ ಬೆಸೆದ ಎರಡು ಸಣ್ಣ ತುಣುಕು: ಒಂದು ರೆಸಿಸ್ಟರ್, ಒಂದು ಕೆಪಾಸಿಟರ್. ಎದ್ದ ಅಲೆಯನ್ನು ಎಳೆದುಕೊಂಡು ಸ್ವಲ್ಪ ಬಿಸಿಯಾಗಿ ಸುಮ್ಮನಾಗುವುದಷ್ಟೇ ಅವುಗಳ ಕೆಲಸ. ಬೆಸೆಯುವುದಕ್ಕೆ ಒಂದು ಬೆಳಗ್ಗೆ ಸಾಕಾಯಿತು. ಆದರೆ ಬಿಚ್ಚಿದ ಡಬ್ಬಿ ಮತ್ತೆ ಮೊದಲಿನಿಂದ ಎಲ್ಲ ಕಷ್ಟ ಪಡಬೇಕು. ಅಲುಗಿಸುವ ಮೇಜಿನ ಮೇಲೆ ರಾಕೆಟ್ಟಿನಲ್ಲಿ ಅದುರುವ ಹಾಗೆ ಅದುರಿಸಿದರು. ಗಾಳಿ ಹೀರಿ ತೆಗೆದ ಉಕ್ಕಿನ ಪೀಪಾಯಿಯಲ್ಲಿಟ್ಟು ಕಾಯಿಸಿದರು, ಹೆಪ್ಪುಗಟ್ಟಿಸಿದರು, ಮತ್ತೆ ಕಾಯಿಸಿದರು. ಅಲ್ಲೆಲ್ಲ ಗಿಡ್ಡ ತಂತಿಯದ್ದೇ ಕಾರುಬಾರು. ಕರೆಂಟಕ್ಕ ಬಗ್ಗಿಯೇ ನಿಂತರು. ಸೊಂಟಕ್ಕೆ ಅಗಲದ ಪಟ್ಟಿ ಬಿಗಿದುಕೊಂಡು.

*

ಇಂದಿನ ಮುಂಜಾನೆಗೆ ವಾಪಸ್ಸು ಬರೋಣ. ಬ್ಯಾಟರಿ ಸೊರಗುತ್ತ ಬಂದಿದೆ. ಸೂರ್ಯನ ವೇಷ ಹಾಕಿ ಇಷ್ಟು ಹೊತ್ತು ವಿದ್ಯುತ್ತು ಕೊಡುತ್ತಿದ್ದ ಯಂತ್ರವನ್ನು ಆರಿಸಿದ್ದಾರೆ. ಉಪಗ್ರಹಕ್ಕೆ ಈಗ ನೆರಳಿನ ಕೊನೆ. ಗಾಜಿನಾಚೆ ಮುಖ್ಯಸ್ಥರು ಕೈಕಟ್ಟಿ ನಿಂತಿದ್ದಾರೆ. ಸ್ಕ್ರೂ ಮಾಮ ತೆರೆದ ಮಗ್ಗುಲಿಗೆ ತಲೆ ತೂರಿಸಿ ಕಿವಿಯನ್ನು ಡಬ್ಬಿಯ ಹತ್ತಿರ ಹಿಡಿದಿದ್ದಾರೆ. ಕರೆಂಟಕ್ಕನ ಕಣ್ಣು ಪರದೆಯ ಮೇಲಿದೆ.

"ಕ್ಯಾಮೆರಾ ಹಾಕ್ತೀನಿ ಮಾಮ."

ಗೆರೆ ಅಲುಗುತ್ತದೆ, ನಿಲ್ಲುತ್ತದೆ.

"ರೇಡಿಯೊ."

ಗೆರೆ ಕೆಳಕ್ಕೆ ಕುಸಿಯುತ್ತದೆ. ಮೇಲೇಳುತ್ತದೆ. ಒಂದು ಸಣ್ಣ ಉಬ್ಬು, ಅದರ ಹಿಂದೆ ಇನ್ನೂ ಸಣ್ಣದೊಂದು. ಆಮೇಲೆ ನೆಟ್ಟಗೆ, ರೂಲರ್ ಇಟ್ಟು ಎಳೆದ ಹಾಗೆ. ಮಾಮ ಇನ್ನೂ ತಲೆ ಹೊರಗೆ ತೆಗೆದಿಲ್ಲ.

"ಏನಂತೆ?" ಎಂದು ಕರೆಂಟಕ್ಕ ಕೇಳುತ್ತಾರೆ.

"ಹಾಡ್ತಿಲ್ಲ ಅಕ್ಕ. ಗೊರಕೇನೂ ಇಲ್ಲ."

"ಸರಿಯಾಗಿ ಕೇಳಿ."

"ನನ್ನ ಹೆಂಡತಿ ಮಾತೂ ಇಷ್ಟು ಸರಿಯಾಗಿ ಕೇಳಿಲ್ಲ."

ಇವರಿಗೆ ಇನ್ನೂ ತೃಪ್ತಿಯಿಲ್ಲ. ಬ್ಯಾಟರಿಯನ್ನು ಬೇಕಾದದ್ದಕ್ಕಿಂತ ಇನ್ನಷ್ಟು ಸೊರಗಿಸಿ ಮತ್ತೊಮ್ಮೆ ಎರಡನ್ನೂ ಹಚ್ಚುತ್ತಾರೆ. ಈ ಸಲ ಉಬ್ಬು ಸ್ವಲ್ಪ ದೊಡ್ಡದು. ಆದರೂ ಅಲ್ಲೇ ಅಡಗುತ್ತದೆ. ಆಗ ಗಾಜಿನ ಕಡೆ ತಿರುಗಿ ತಲೆಯಾಡಿಸುತ್ತಾರೆ. ಮುಖ್ಯಸ್ಥರು ಕಟ್ಟಿದ ಕೈ ಬಿಚ್ಚಿ, ಹಲಗೆ ಮುಚ್ಚುವಂತೆ ಸನ್ನೆ ಮಾಡುತ್ತಾರೆ.

ಮಾಮ ಹಲಗೆ ಎತ್ತಿ ಹಿಡಿದು ತಡೆಯುತ್ತಾರೆ. "ಒಂದ್ಸಲ ನೋಡ್ಕೊಂಡ್ಬಿಡಿ ಅಕ್ಕ. ಇನ್ನು ಸಿಗಲ್ಲ."

ಕರೆಂಟಕ್ಕ ಬಗ್ಗಿ ನೋಡುತ್ತಾರೆ. ಡಬ್ಬಿಯನ್ನಲ್ಲ, ಅದರ ಪಕ್ಕದ ಗೇಣುದ್ದದ ತಂತಿ ಎಲ್ಲೂ ಉಜ್ಜದಂತೆ ಕೂತಿದೆಯೇ ಎಂದು. "ಮುಚ್ಚಿ ಮಾಮ" ಎಂದು ನೆಟ್ಟಗಾಗುತ್ತಾರೆ, ಒಂದು ಕೈ ಸೊಂಟದ ಮೇಲೆ. ಮೊದಲ ಸ್ಕ್ರೂ 'ಟಕ್' ಎನ್ನುವಾಗ ಪಕ್ಕದ ಕೋಣೆಯ ಅಲುಗಾಟ ಶುರುವಾಗಿ, ಉಳಿದವುಗಳ ಸದ್ದು ಕೇಳುವುದೇ ಇಲ್ಲ.

ಸಂಜೆ ಮೆಟ್ಟಿಲು ಹತ್ತುವಾಗ ಕೆಳಮನೆಯವರು ಅಡ್ಡ ಹಾಕುತ್ತಾರೆ. ಮೆಟ್ಟಿಲ ದೀಪ ನಿನ್ನೆಯಿಂದ ಮಿಟುಕುತ್ತಿದೆಯಂತೆ. ನೋಡ್ತೀನಿ ಎಂದು ಮೇಲೆ ಬಂದರೆ ಬಾಗಿಲ ಬಳಿಯ ಕುರ್ಚಿ ಕೇಳುತ್ತದೆ, "ನಿಂತಿತಾ?"

"ನಿಂತಿತಪ್ಪ."

ಮುದುಕರು ತಲೆಯಾಡಿಸುತ್ತಾರೆ. "ಹುಲ್ಲು" ಎನ್ನುತ್ತಾರೆ. ಇಡೀ ಹೊಗಳಿಕೆಯನ್ನು ತಮ್ಮ ಕಡೆಗೇ ತಿರುಗಿಸಿಕೊಂಡವರ ಹಾಗೆ. ಅಡುಗೆ ಮನೆಯಿಂದ ಗಂಡ ನಗುವುದು ಕೇಳಿಸುತ್ತದೆ. ಕರೆಂಟಕ್ಕ ಚೀಲ ಇಳಿಸಿ, ಸ್ಕ್ರೂಡ್ರೈವರ್ ಹುಡುಕಿಕೊಂಡು ಮೆಟ್ಟಿಲ ದೀಪ ನೋಡಲು ಮತ್ತೆ ಕೆಳಗಿಳಿಯುತ್ತಾರೆ.

ಉಪಗ್ರಹ ಹಾರಿದ ಮೇಲೆ ಚಿತ್ರಗಳು ಪತ್ರಿಕೆಯಲ್ಲಿ ಬರುತ್ತವೆ. ಮೋಡದ್ದು, ಕೆರೆಯದ್ದು, ಕೈಕುಲುಕುವವರದ್ದು. ಡಬ್ಬಿಯ ಚಿತ್ರ ಯಾರೂ ಹಾಕುವುದಿಲ್ಲ, ಹಾಕಲಿ ಎಂದು ಇವರೂ ಬಯಸಿಲ್ಲ. ನಿವೃತ್ತಿಗೆ ಮುಂಚೆ ಏನಾದರೂ ಆಸೆ ಇದೆಯೇ ಎಂದರೆ ತಮ್ಮ ಮೇಜಿನ ಕಡೆ ಕೈ ತೋರಿಸುತ್ತಾರೆ. ನೇರ್ಪಾಗಿ ಹೆಣೆದಿದ್ದ ಎರಡು ಮಾರಿನ ತಂತಿಯನ್ನು ಆಗಲೇ ತುಂಡು ತುಂಡು ಮಾಡಿ ಗುಜರಿ ಡಬ್ಬಕ್ಕೆ ಹಾಕಿದ್ದಾರೆ. ಮಾಮ ಬಟ್ಟೆ ಒಣಗಿಸಲು ಕೇಳಿದರೂ ಕೊಡಲಿಲ್ಲ. ಗೇಣುದ್ದದ್ದು ಮೇಜಿನ ಪಕ್ಕದ ಮೊಳೆಗೆ ನೇತುಬಿದ್ದಿದೆ.

"ಅದು ಅಲ್ಲೇ ಇರಲಿ" ಎನ್ನುತ್ತಾರೆ. "ನಾನು ಹೋದ ಮೇಲೆ ಆ ಮೇಜಿಗೆ ಯಾರೇ ಬರ್ಲಿ, ಅವರಿಗೂ ಒಂದು ದಿನ ಬೆನ್ನು ನೋವು ಬರುತ್ತೆ. ಬಂದ್ರೆ ಮೇಜು ಎತ್ತರ ಮಾಡ್ಕೊಳ್ಳಲಿ. ತಂತಿ ಮಾತ್ರ ಉದ್ದ ಮಾಡೋದು ಬೇಡ."